ಬೀರುವಿನ ಹಿಂದಿನ ಗೋಡೆ

ಪುನರ್ವಸು, ಪುಷ್ಯ ಮಳೆ ಹಿಡಿದರೆ ತೀರ್ಥಹಳ್ಳಿ, ಹೊಸನಗರದ ಕಡೆ ಬೂಷ್ಟು ಮೊದಲು ಬರುವುದು ಬೀರುವಿನ ಹಿಂದೆ. ಅಲ್ಲಿ ಗಾಳಿ ಆಡುವುದಿಲ್ಲ, ಗೋಡೆ ತಣ್ಣಗಿರುತ್ತದೆ. ಬೀರುವನ್ನು ನಾಲ್ಕು ಇಂಚು ಈಚೆಗೆ ಎಳೆಯಿರಿ, ಅರ್ಧ ತೊಂದರೆ ಅಲ್ಲೇ ಕಡಿಮೆ.

ಸುಣ್ಣ-ಬಣ್ಣಕ್ಕೆ ದುಡ್ಡು ಹಾಕುವ ಮುಂಚೆ ತೇವ ಎಲ್ಲಿಂದ ಅಂತ ನೋಡಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಸಾಸಿವೆಯಷ್ಟು ಸಣ್ಣ ಹನಿ ಕೂತಿದ್ದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ: ಒಡೆದ ಹಂಚು, ಎಲೆ ಕಟ್ಟಿಕೊಂಡ ಸೂರಿನ ನೀರು ಹರಿಯುವ ದೋಣಿ, ಇಲ್ಲವೇ ಅಡಿಪಾಯ. ಹೊರಮೈ ಒದ್ದೆಯಾದರೆ ಅದು ಕೋಣೆಯ ಗಾಳಿಯ ತೇವ. ಒಳಗೆ ಬಟ್ಟೆ ಒಣಹಾಕುವುದು, ಬಚ್ಚಲಿನ ಹಬೆ ಇದಕ್ಕೆ ಕಾರಣ.

ಒದ್ದೆ ಗೋಡೆಗೆ ಪುಟ್ಟಿ, ಪೇಂಟ್ ಬೇಡವೇ ಬೇಡ. ನೀರು ಒಳಗೇ ಸಿಕ್ಕಿಕೊಂಡು ಪದರ ಉಬ್ಬಿ ಕಳಚುತ್ತದೆ. ಹಳೆಯ ಮಣ್ಣಿನ ಗೋಡೆಗೆ ಸುಣ್ಣವೇ ಸರಿ, ಅದು ಉಸಿರಾಡುತ್ತದೆ. ಇರಚಲು ಹೊಡೆಯುವ ಬದಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದ ಹಿರಿಯರ ಲೆಕ್ಕಾಚಾರ ಎಷ್ಟು ಚೊಕ್ಕ!

ಅಂಗಳ ಗೋಡೆಯಿಂದಾಚೆಗೆ ಮೂರಡಿಗೆ ಎರಡು ಇಂಚಾದರೂ ಇಳಿಜಾರಿರಲಿ.

ಬೂಷ್ಟನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ, ಮನೆಯೆಲ್ಲ ಹಾರುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿ, ಸೋಪಿನ ನೀರಿನ ಬಟ್ಟೆಯಿಂದ ಒರೆಸಿ, ಫ್ಯಾನ್ ಹಾಕಿ ಒಣಗಿಸಿ. ಬ್ಲೀಚಿಂಗ್ ಪುಡಿಗೆ ವಿನೆಗರ್ ಮಾತ್ರ ಸೇರಿಸಲೇಬೇಡಿ, ವಿಷದ ಕ್ಲೋರಿನ್ ಅನಿಲ ಏಳುತ್ತದೆ.