ರಜೆ ಮುಗಿಯುವುದರೊಳಗೆ ಮನೆ ಕೊಳ್ಳಬಹುದೇ?

ಕಳೆದ ವಾರ ಆಲೂರು ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಮದುವೆಯಾಗಿ ಆರು ವರ್ಷ. ಗಂಡ ಸೇನೆಯಲ್ಲಿ ನಾಯಕ್. ಅವನಿಗೆ ಲಡಾಖಿಗೆ ಪೋಸ್ಟಿಂಗ್ ಬಂದಿದೆ, ಕ್ವಾರ್ಟರ್ಸ್ ಬಿಡಬೇಕು, ಮಗುವನ್ನು ಒಂದನೇ ತರಗತಿಗೆ ಸೇರಿಸಬೇಕು. "ಅಕ್ಕಾ, ಹೇಗೂ ಬಾಡಿಗೆ ಮನೆ ಹುಡುಕಲೇಬೇಕು, ಅದರ ಬದಲು ಹಾಸನದಲ್ಲಿ ಒಂದು ಮನೆ ಕೊಂಡೇ ಬಿಡೋಣ ಎನ್ನುತ್ತಾರೆ ಇವರು. ರಜೆ ಇನ್ನು ಹನ್ನೊಂದು ದಿನ ಇದೆ. ಆಗುತ್ತದೆಯೇ?"

ಇದೇ ಪ್ರಶ್ನೆಯನ್ನು ಕ್ಯಾಂಟೀನ್ ಸಾಲಿನಲ್ಲಿ ಕೇಳಿದ್ದಾರೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಮೂರು ವರ್ಷಕ್ಕೊಮ್ಮೆ ಊರು ಬಿಡುವ ನೀವು ಮನೆ ಯಾಕೆ ಕೊಂಡಿರಿ, ಹೇಗೆ ಕೊಂಡಿರಿ, ನಾವೂ ಕೊಳ್ಳಬಹುದೇ? ನನ್ನ ಉತ್ತರ ಇಷ್ಟು: ಕೊಳ್ಳಿ, ಆದರೆ ಆ ಹನ್ನೊಂದು ದಿನದಲ್ಲಿ ಬೇಡ. ಮತ್ತು ಆ ಮನೆಯಲ್ಲಿ ಯಾರು ಉಳಿಯುತ್ತಾರೋ ಅವರೇ ಮನೆಯನ್ನು ನೋಡಲಿ, ಅವರೇ ಕಾಗದ ಓದಲಿ. ಕುಟುಂಬ ಜೊತೆಗೆ ಹೋಗಲಾಗದ ಫೀಲ್ಡ್‌ಗೆ ಹೋಗುವವನ ಮನೆಯಲ್ಲಿ ಉಳಿಯುವವಳು ಹೆಂಡತಿ.

ನಮ್ಮ ಯಜಮಾನರು ಹವಾಲ್ದಾರ್. ಮದುವೆಯಾದ ಒಂಬತ್ತು ವರ್ಷಗಳಲ್ಲಿ ನಾಲ್ಕು ಕ್ವಾರ್ಟರ್ಸ್ ಕಂಡೆ. ಪ್ರತಿ ಸಲವೂ ಹೆಸರು, ನಂಬರು ಬರೆದ ಕಪ್ಪು ಟ್ರಂಕುಗಳು, ಪ್ರತಿ ಸಲವೂ ಮಾರ್ಚಿಂಗ್ ಔಟ್, ಅಂದರೆ ಕ್ವಾರ್ಟರ್ಸ್ ಒಪ್ಪಿಸುವಾಗಿನ ತಪಾಸಣೆ. ಒಡೆದ ಕಿಟಕಿ ಗಾಜು, ಸಡಿಲವಾದ ನಲ್ಲಿ, ಗೋಡೆಗೆ ಹೊಡೆದ ಮೊಳೆ ಎಲ್ಲಕ್ಕೂ ಲೆಕ್ಕ. ಐದನೆಯ ಸಲ ಬಂದದ್ದು ಫೀಲ್ಡ್ ಪೋಸ್ಟಿಂಗ್. ಅಲ್ಲಿಗೆ ಕುಟುಂಬವನ್ನು ಕರೆದುಕೊಂಡು ಹೋಗುವಂತಿಲ್ಲ. ಪತಿ ದೂರವಿರುವ ಕುಟುಂಬಗಳಿಗೆಂದೇ ದಂಡುಪ್ರದೇಶಗಳಲ್ಲಿ ಮನೆಗಳಿವೆ, ಆದರೆ ನಮ್ಮ ಸರದಿ ಬರುವ ಹೊತ್ತಿಗೆ ಮಗಳ ಶಾಲೆಯ ವರ್ಷವೇ ಮುಗಿಯುತ್ತಿತ್ತು. ಅತ್ತೆ ಮಾವ ಅರಕಲಗೂಡು ತಾಲ್ಲೂಕಿನಲ್ಲಿ. ಹಾಸನದಲ್ಲಿ ಕೇಂದ್ರೀಯ ವಿದ್ಯಾಲಯವಿದೆ, ಮುಂದೆ ಎಲ್ಲಿಗೆ ವರ್ಗವಾದರೂ ಮಗಳು ಅದೇ ಪಠ್ಯ ಓದಬಹುದು. ಆಸ್ಪತ್ರೆ ಇದೆ, ಬೆಂಗಳೂರಿಗೆ ರೈಲಿದೆ. ಹಾಗಾಗಿ ಹಾಸನ.

ಮೊದಲು ಮಾಡಿದ್ದು ಮನೆ ಕೊಳ್ಳುವ ಕೆಲಸವಲ್ಲ, ಕುವೆಂಪುನಗರದಲ್ಲಿ ಹನ್ನೊಂದು ತಿಂಗಳ ಕರಾರಿಗೆ ಬಾಡಿಗೆ ಮನೆ ಹಿಡಿದದ್ದು. ದುಡ್ಡು ದಂಡ ಎಂದು ಮಾವ ಬಹಳ ಬೇಸರ ಮಾಡಿಕೊಂಡರು. ಇವತ್ತು ಯಾರು ಕೇಳಿದರೂ ನಾನು ಮೊದಲು ಹೇಳುವುದು ಆ ಬಾಡಿಗೆಯ ಮಾತನ್ನೇ. ಆ ಹನ್ನೊಂದು ತಿಂಗಳಲ್ಲಿ ಯಾವ ಬಡಾವಣೆಯ ಬೀದಿದೀಪ ಉರಿಯುತ್ತದೆ, ಎಲ್ಲಿ ನಲ್ಲಿ ನೀರಿಗೆ ಕಾಯಬೇಕು, ರಾತ್ರಿ ಮಗುವಿಗೆ ಜ್ವರ ಬಂದರೆ ಎಲ್ಲಿಂದ ಆಟೋ ಸಿಗುತ್ತದೆ ಎಲ್ಲವೂ ತಿಳಿಯಿತು. ಇದನ್ನು ಯಾವ ದಲ್ಲಾಳಿಯೂ ಹೇಳುವುದಿಲ್ಲ.

ಬಾಡಿಗೆ ಮನೆಗೆ ಬರುವ ಮೊದಲೇ ನಾವು ಒಂದು ಹಳ್ಳಕ್ಕೆ ಬೀಳುವವರಿದ್ದೆವು. ಅದನ್ನೂ ಹೇಳಬೇಕು. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಕಾಗದದ ಮೇಲೆ ಹೆಚ್ಚೆನಿಸುತ್ತದೆ. ಆದರೆ ಊರಿಗೆ ಬಂದವನಿಗೆ ಹೊಲದ ಕೆಲಸ, ನೆಂಟರ ಮದುವೆ, ತಂದೆಯ ಕಣ್ಣಿನ ಆಪರೇಷನ್ ಎಲ್ಲವೂ ಅದರಲ್ಲೇ ಆಗಬೇಕು. ಆ ಸಲ ಉಳಿದಿದ್ದದ್ದು ಆರು ದಿನ. ಊರ ಹೊರಗಿನ ಒಂದು ಹೊಸ ಬಡಾವಣೆಯಲ್ಲಿ ಸೈಟು ತೋರಿಸಿದರು. ಬೆಲೆ ಕಡಿಮೆ, ರಸ್ತೆ ಅಗಲ. ರಜೆ ಮುಗಿಯುವ ಮೊದಲು ಮುಂಗಡ ಕೊಟ್ಟರೆ ನಿಮಗೇ, ಇಲ್ಲದಿದ್ದರೆ ಸೋಮವಾರ ಬೇರೆಯವರಿಗೆ ಎಂದರು. ಸೈನಿಕನಿಗೆ ಹೊರಡುವ ದಿನಾಂಕ ಇರುತ್ತದೆ ಎಂಬುದು ಮಾರುವವನಿಗೆ ಗೊತ್ತು. ಆ ದಿನಾಂಕವನ್ನೇ ಹಿಡಿದು ಎಳೆಯುತ್ತಾರೆ. ಈ ಮಾತು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ನಾನು ಕಾಗದ ಕೇಳಿದೆ. ಕೈಗೆ ಬಂದದ್ದು ನಮೂನೆ 11ಬಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಗೆ ಇ-ಸ್ವತ್ತು ಎಂಬ ಸರ್ಕಾರಿ ಆನ್‌ಲೈನ್ ದಾಖಲೆಯಲ್ಲಿ ನಮೂನೆ 9 ಮತ್ತು 11ಎ ಸಿಗಬೇಕು. 11ಬಿ ಎಂದರೆ ಭೂಪರಿವರ್ತನೆ, ಬಡಾವಣೆ ಅನುಮೋದನೆಯಂಥ ನಿಯಮಗಳಲ್ಲಿ ಎಲ್ಲೋ ಕೊರತೆ ಇದೆ ಎಂದು ಅರ್ಥ, ಬ್ಯಾಂಕುಗಳು ಅದನ್ನು ನೋಡಿ ಹಿಂದೆ ಸರಿಯುತ್ತವೆ. ಅದಕ್ಕಿಂತ ದೊಡ್ಡ ದೋಷ ಮುಂದಿತ್ತು. ಮಾರುತ್ತಿದ್ದವನ ಬಳಿ ಕ್ರಯಪತ್ರವೇ ಇರಲಿಲ್ಲ, ಮೂಲ ಮಾಲೀಕರಿಂದ ಪಡೆದ ಜನರಲ್ ಪವರ್ ಆಫ್ ಅಟಾರ್ನಿ (ಜಿಪಿಎ), ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ ಮಾತ್ರ ಇತ್ತು. ತನ್ನ ಹೆಸರಿಗೇ ಆಸ್ತಿ ಬಂದಂತೆ ಅದನ್ನು ಇಟ್ಟುಕೊಂಡು ಮಾತನಾಡುತ್ತಿದ್ದ. ಜಿಪಿಎ ಬರೆಸಿಕೊಂಡ ಮಾತ್ರಕ್ಕೆ ಸ್ಥಿರಾಸ್ತಿಯ ಒಡೆತನ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇದನ್ನು ನನಗೆ ವಿವರಿಸಿದವರು ಪರಿಚಯದ ವಕೀಲರು. ಒಂದು ಸಂಜೆಯ ಕೆಲಸಕ್ಕೆ ಅವರಿಗೆ ಕೊಟ್ಟ ಶುಲ್ಕ ನಮ್ಮ ಒಂಬತ್ತು ವರ್ಷದ ಉಳಿತಾಯವನ್ನು ಕಾಯಿತು. ಯಜಮಾನರು ಬರಿಗೈಯಲ್ಲಿ ಯೂನಿಟ್ಟಿಗೆ ಹೊರಟರು. ಮನೆ ಆಗಲಿಲ್ಲ ಎಂಬ ಸಂಕಟ ಅವರ ಮುಖದಲ್ಲಿತ್ತು. ನಾನು ರೈಲ್ವೆ ನಿಲ್ದಾಣದಲ್ಲೇ ಅವರಿಗೆ ಹೇಳಿದೆ, ಹುಡುಕುವ ಕೆಲಸ ಇನ್ನು ನನ್ನದು.

ಎಂಟು ತಿಂಗಳು ಹುಡುಕಿದೆ. ಸಾಲಗಾಮೆ ರಸ್ತೆಯ ಕಡೆ ಹನ್ನೆರಡು ವರ್ಷ ಹಳೆಯ ಮನೆಯೊಂದು ಇಷ್ಟವಾಯಿತು. ಮೊದಲು ನೋಡಿದ್ದು ಏಪ್ರಿಲ್‌ನಲ್ಲಿ, ಗೋಡೆಗಳು ಗರಿಗರಿಯಾಗಿದ್ದವು. ಆದರೆ ನಮ್ಮ ಕಡೆ ಮನೆಯ ಗುಣ ತಿಳಿಯುವುದು ಆಷಾಢದಲ್ಲಿ. ಸಕಲೇಶಪುರದಷ್ಟು ಮಳೆ ಹಾಸನಕ್ಕಿಲ್ಲ, ನಿಜ. ಆದರೆ ಹತ್ತು ದಿನ ಬಿಡದೆ ಜಿಟಿಜಿಟಿ ಹಿಡಿದರೆ ತಾರಸಿ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಜುಲೈಯಲ್ಲಿ ಛತ್ರಿ ಹಿಡಿದು ಮತ್ತೆ ಹೋದೆ. ಹಿಂದಿನ ಕೋಣೆಯ ಮೂಲೆಯಲ್ಲಿ ಅಂಗೈಯಗಲ ತೇವ. ಮುಚ್ಚಿಡಲು ಹೋಗದೆ ಮನೆಯವರು ತಾವೇ ತೋರಿಸಿದರು. ಮೇಸ್ತ್ರಿಯನ್ನು ಕರೆಸಿ ನೋಡಿಸಿದೆ, ಸಜ್ಜಾದ ಮೇಲೆ ನೀರು ನಿಲ್ಲುತ್ತಿತ್ತು, ಪಾಯಕ್ಕೆ ಏನೂ ಆಗಿರಲಿಲ್ಲ. ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಂಡೆವು. ಬೇಸಿಗೆ ರಜೆಯಲ್ಲಿ ಬಂದು ಒಂದೇ ಸಲ ನೋಡಿ ಕೊಂಡಿದ್ದರೆ ಆ ತೇವ ನಮಗೆ ಕಾಣಿಸುತ್ತಲೇ ಇರಲಿಲ್ಲ.

ಕಾಗದಗಳ ಮಾತಿಗೆ ಬಂದರೆ, ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ 30 ವರ್ಷದ ಋಣಭಾರ ಪ್ರಮಾಣಪತ್ರ ತೆಗೆಸಿದೆ. ಜನ ಅದನ್ನು ಇ.ಸಿ. ಎಂದೇ ಕರೆಯುವುದು. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಅಲೆಯಬೇಕು. ನಾನು ಮೂರು ಸಲ ಅಲೆದೆ. ಮೂಲದಲ್ಲಿ ಅದು ದರಖಾಸ್ತು ಜಮೀನೇ, ಅಂದರೆ ಸರ್ಕಾರ ಮಂಜೂರು ಮಾಡಿದ್ದೇ ಎಂದು ವಕೀಲರು ಮೊದಲು ಕೇಳಿದರು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯಾಗಿದ್ದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ನಿಲ್ಲುವುದಿಲ್ಲ. ಆ ಕಾಯ್ದೆ ನ್ಯಾಯವಾದದ್ದು. ಬಡವನ ಭೂಮಿ ಅವನಿಗೇ ಉಳಿಯಬೇಕು, ತಿಳಿಯದೆ ನಾವು ಅದರ ಮೇಲೆ ಮನೆ ಕೊಳ್ಳಬಾರದು. ಕೊನೆಗೆ ಕ್ರಯಪತ್ರದ ಚೆಕ್ಕುಬಂದಿಯನ್ನು ಕೈಯಲ್ಲಿ ಹಿಡಿದು, ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ ಎಂದು ಟೇಪು ಎಳೆದು ಅಳೆದೆ. ಮಗಳು ಟೇಪಿನ ಇನ್ನೊಂದು ತುದಿ ಹಿಡಿದಿದ್ದಳು.

ದುಡ್ಡಿನ ವಿಷಯದಲ್ಲಿ ಎಲ್ಲರೂ ಒಂದು ಕಡೆ ಎಡವುತ್ತಾರೆ. ಮನೆ 50 ಲಕ್ಷ, ಬ್ಯಾಂಕ್ ಸಾಲ ಕೊಡುತ್ತದೆ, ಆಯಿತು ಎಂದುಕೊಳ್ಳುತ್ತಾರೆ. 30ರಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕ್ ಕೊಡುವುದು ಬೆಲೆಯ ಶೇ 80ರವರೆಗೆ ಮಾತ್ರ. ಉಳಿದ 10 ಲಕ್ಷ ನಮ್ಮದು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಸಾಲದ ಲೆಕ್ಕಕ್ಕೆ ಬರುವುದಿಲ್ಲ. ಮುದ್ರಾಂಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ನಾವು ಕೊಂಡಾಗ ಶೇ 1 ಇತ್ತು, 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿದೆ. ಎಲ್ಲ ಸೇರಿದರೆ ಹದಿನಾಲ್ಕು ಲಕ್ಷದ ಹತ್ತಿರ ಕೈಯಲ್ಲಿರಬೇಕು. ನಮ್ಮದರಲ್ಲಿ ಹೆಚ್ಚಿನ ಪಾಲು ಯಜಮಾನರ ಭವಿಷ್ಯನಿಧಿಯಿಂದ ಬಂತು. ಸೇನಾ ಸಮೂಹ ವಿಮಾ ನಿಧಿಯಿಂದಲೂ ಗೃಹಸಾಲ ಸಿಗುತ್ತದೆ, ಯೂನಿಟ್ಟಿನ ಗುಮಾಸ್ತರನ್ನು ಕೇಳಿದರೆ ಅರ್ಜಿಯ ದಾರಿ ಹೇಳುತ್ತಾರೆ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಹವಾಲ್ದಾರ್ ಅರುವತ್ತರವರೆಗೆ ದುಡಿಯುವ ನೌಕರನಲ್ಲ, ನಲವತ್ತೈದರ ಆಸುಪಾಸಿನಲ್ಲೇ ಮನೆಗೆ ಬರುತ್ತಾನೆ. ಆಮೇಲೆ ಕೈಗೆ ಬರುವ ಪಿಂಚಣಿ ಕೊನೆಯ ಸಂಬಳದ ಅರ್ಧ. ಮೂವತ್ತೈದರಲ್ಲಿ 20 ವರ್ಷದ ಸಾಲ ಮಾಡಿದರೆ ಹತ್ತು ವರ್ಷ ಆ ಅರ್ಧದಲ್ಲೇ ಕಂತು ಕಟ್ಟಬೇಕು. ಪಿಂಚಣಿಯ ಅರ್ಧದವರೆಗೆ ಕಮ್ಯುಟೇಶನ್ ಮಾಡಿಸಿ ಇಡಿಗಂಟು ಪಡೆದು ಸಾಲ ತೀರಿಸುವವರಿದ್ದಾರೆ. ತಪ್ಪಲ್ಲ. ಆದರೆ ಆ ಭಾಗ ಮತ್ತೆ ಪಿಂಚಣಿಗೆ ಸೇರುವುದು 15 ವರ್ಷದ ಮೇಲೆ. ನಾವು ಪಿಂಚಣಿಯಲ್ಲಿ ಕಟ್ಟಲಾಗುವಷ್ಟೇ ಕಂತು ಬರುವಂತೆ ಸಾಲ ಮಾಡಿದೆವು, ಅದಕ್ಕೆ ತಕ್ಕ ಮನೆಯನ್ನೇ ನೋಡಿದೆವು. ಅಗ್ನಿವೀರ ಮಗನ ಹೆಸರಿನಲ್ಲಿ ದೀರ್ಘ ಸಾಲ ಮಾಡಿಸಬೇಕೆಂದಿರುವ ತಂದೆತಾಯಿಯರಲ್ಲಿ ನನ್ನ ಬೇಡಿಕೆ ಒಂದೇ: ನಾಲ್ಕು ವರ್ಷ ಮುಗಿದು, ಅವನು ಉಳಿಯುತ್ತಾನೋ ಮರಳುತ್ತಾನೋ ತಿಳಿಯುವವರೆಗೆ ತಡೆಯಿರಿ. ಸೇವೆಯ ಕೊನೆಗೆ ಕೈಗೆ ಬರುವ ಸೇವಾನಿಧಿಯ ಇಡಿಗಂಟು ಅವನ ಮುಂದಿನ ಓದಿಗೋ ಕಸುಬಿಗೋ ಬೇಕಾದೀತು.

ನೋಂದಣಿಯ ದಿನ ಯಜಮಾನರು ಇರಲಿಲ್ಲ. ಕಮಾಂಡಿಂಗ್ ಆಫೀಸರ ಮೊಹರು ಇದ್ದರೆ ಪವರ್ ಆಫ್ ಅಟಾರ್ನಿ ಆಯಿತು ಎಂದು ಮೊದಲು ತಿಳಿದಿದ್ದೆವು. ಅದು ಸಾಲದು. ಪರವಾಗಿ ನೋಂದಣಿ ಮಾಡಿಸಲು ಕೊಡುವ ಅಧಿಕಾರಪತ್ರಕ್ಕೆ, ಕೊಡುವವನು ವಾಸವಿರುವ ಕಡೆಯ ಉಪನೋಂದಣಾಧಿಕಾರಿಯ ಎದುರು ಸಹಿ ಮಾಡಿ ದೃಢೀಕರಿಸಿಕೊಳ್ಳಬೇಕು. ಹಿಮದ ನಡುವಿನ ಪೋಸ್ಟಿನಿಂದ ಅದನ್ನು ಮಾಡಿಸುವುದು ಸುಲಭವಲ್ಲ. ಹಾಗಾಗಿ ಮನೆ ಒಪ್ಪಿಗೆಯಾದ ಮೇಲೆ ಹತ್ತು ದಿನದ ರಜೆಗೆ ಬಂದಾಗ ಹಾಸನದಲ್ಲೇ ಮಾಡಿಸಿದೆವು. ಜನರಲ್ ಅಲ್ಲ, ಸ್ಪೆಷಲ್: ಇಂಥದೇ ಮನೆ, ಇಂಥದೇ ಚೆಕ್ಕುಬಂದಿ, ಇಷ್ಟೇ ಕೆಲಸ. ಸಾಲ ಮಂಜೂರಾಗುವ ಹೊತ್ತಿಗೆ ಅವರು ಮತ್ತೆ ಮೇಲೆ ಹತ್ತಿದ್ದರು. ರಜೆಯಲ್ಲಿ ಮುಗಿಸಲೇಬೇಕಾದ ಕೆಲಸವೇನಾದರೂ ಇದ್ದರೆ ಅದು ಈ ಅಧಿಕಾರಪತ್ರ.

ಈಗ ಹೇಳುವುದನ್ನು ಹೇಳಲು ನಾಲಿಗೆ ತಡೆಯುತ್ತದೆ, ಆದರೂ ಹೇಳುತ್ತೇನೆ. ಅಧಿಕಾರಪತ್ರ ಕೊಟ್ಟವರ ಉಸಿರಿರುವವರೆಗೆ ಮಾತ್ರ ಅದಕ್ಕೆ ಬೆಲೆ. ಅವರಿಲ್ಲವಾದ ಗಳಿಗೆಗೆ ಅದೂ ಇಲ್ಲ. ಸೈನಿಕನ ಹೆಂಡತಿಗೆ ಇದು ಗೊತ್ತಿರಬೇಕು. ಆದ್ದರಿಂದ ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇರಲಿ. ನಮ್ಮದರಲ್ಲಿ ಇದೆ, ಕೇಳಿ ಹಾಕಿಸಿದೆ. ಮನೆ ಗಂಡಸಿನ ಹೆಸರಿನಲ್ಲಿದ್ದರೆ ಸಾಕಲ್ಲವೇ ಎಂದು ಒಬ್ಬರು ಹಿರಿಯರು ಅಂದಾಗ ಯಜಮಾನರು ಫೋನಿನಲ್ಲೇ ಉತ್ತರಿಸಿದರು: "ಅಲ್ಲಿ ಇರುವವಳು ಅವಳು."

ಪೋಸ್ಟಿಂಗ್ ಬಂದ ಊರಿನಲ್ಲೇ ಕೊಳ್ಳಬಾರದೇ ಎಂದೂ ಕೇಳುತ್ತಾರೆ. ಮತ್ತೆ ಮರಳುವ ಊರಲ್ಲದಿದ್ದರೆ ಬೇಡ. ಸಾವಿರ ಮೈಲಿ ದೂರದ ಬಾಡಿಗೆದಾರನನ್ನು, ಸೋರುವ ತಾರಸಿಯನ್ನು ಟ್ರಂಕಿನಲ್ಲಿ ಕಟ್ಟಿಕೊಂಡು ತಿರುಗಲಾಗುವುದಿಲ್ಲ. ಯಜಮಾನರಿಗೆ ಕುಟುಂಬ ಜೊತೆಗಿರಬಹುದಾದ ಪೀಸ್ ಪೋಸ್ಟಿಂಗ್ ಬಂದಾಗ ಎರಡು ವರ್ಷ ನಾವೂ ಜೊತೆಗೆ ಹೋದೆವು. ಹಾಸನದ ಮನೆಯ ಒಂದು ಕೋಣೆಗೆ ಬೀಗ ಹಾಕಿ ಉಳಿದದ್ದನ್ನು ಬಾಡಿಗೆಗೆ ಕೊಟ್ಟೆವು. ಬಾಡಿಗೆಯಿಂದ ಕಂತಿನ ಅರ್ಧವೂ ಹುಟ್ಟಲಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. ಆದರೆ ತಿಂಗಳಿಗೊಮ್ಮೆ ಮಾವ ಅರಕಲಗೂಡಿನಿಂದ ಬಸ್ಸಿನಲ್ಲಿ ಬಂದು ಮನೆ ನೋಡಿ ಹೋಗುತ್ತಿದ್ದರು. ಹತ್ತಿರದಲ್ಲಿ ನಮ್ಮವರಿದ್ದುದರಿಂದಲೇ ಆ ಎರಡು ವರ್ಷ ನಿಭಾಯಿಸಿದೆವು.

ಆಲೂರಿನ ಹುಡುಗಿಗೆ ಮುಂಗಡ ಕೊಡಬೇಡ ಎಂದಿದ್ದೇನೆ. ಈ ಹನ್ನೊಂದು ದಿನದಲ್ಲಿ ಇಬ್ಬರೂ ಸೇರಿ ಶಾಲೆಯ ಹತ್ತಿರ ಒಂದು ಬಾಡಿಗೆ ಮನೆ ಹಿಡಿಯಲಿ, ಮಗುವನ್ನು ಸೇರಿಸಲಿ, ಅವನ ವೇತನಚೀಟಿ ಮತ್ತು ಭವಿಷ್ಯನಿಧಿಯ ಲೆಕ್ಕದ ಪ್ರತಿಯನ್ನು ಅವಳು ತೆಗೆದಿಟ್ಟುಕೊಳ್ಳಲಿ. ಅವರು ನೋಡಿರುವ ಮನೆಯ ಇ.ಸಿ. ಮತ್ತು ಹಳೆಯ ಕ್ರಯಪತ್ರದ ಪ್ರತಿ ಹಿಡಿದುಕೊಂಡು ಭಾನುವಾರ ನಮ್ಮ ಮನೆಗೆ ಬರುತ್ತಾಳೆ. ಟೇಪು ನನ್ನ ಹತ್ತಿರವೇ ಇದೆ.