ಒಂದೇ ಆಲದಲ್ಲಿ ಮೂರು ಬಗೆಯ ಕುಟ್ರುಹಕ್ಕಿ

ನಗರದ ನಡುವಿನ ಕಾಡಿನಲ್ಲಿ ಹಣ್ಣು ಬಿಟ್ಟ ಆಲವೊಂದು ಸಿಕ್ಕರೆ, ಆ ದಿನ ಕುಟ್ರುಹಕ್ಕಿಗಳಿಗಾಗಿ ಬೇರೆಲ್ಲೂ ಅಲೆಯಬೇಕಿಲ್ಲ. ಬೆಳಗ್ಗೆ ಬಿಸಿಲು ಬೆನ್ನಿಗೆ ಬೀಳುವಂತೆ ನಿಲ್ಲಬೇಕು. ಎದುರು ಬೆಳಕಿನಲ್ಲಿ ಹಕ್ಕಿಗಳೆಲ್ಲ ಕಪ್ಪು, ಎಲೆಗಳ ನಡುವೆ ಎಲ್ಲವೂ ಹಸಿರು. ಮೈಬಣ್ಣ ನೋಡಿ ಜಾತಿ ಹೇಳಹೊರಟರೆ ಎಡವುವುದು ಖಂಡಿತ.

ನೋಡಬೇಕಾದ್ದು ಮುಖ. ಕಂದುತಲೆಯ ಕುಟ್ರುಹಕ್ಕಿಗೆ ಕಣ್ಣಿನ ಸುತ್ತ ಹಳದಿ-ಕಿತ್ತಳೆಯ ಬೋಳು ಚರ್ಮ. ಅದು ಕೊಕ್ಕಿನ ಬುಡದವರೆಗೂ ಹರಡಿರುತ್ತದೆ. ಬಿಳಿಗೆನ್ನೆಯದಕ್ಕೆ ಕಣ್ಣಿನ ಮೇಲೊಂದು, ಕೆಳಗೊಂದು ಬಿಳಿ ಪಟ್ಟೆ. ಮುಖ ಎಲೆಯ ಮರೆಯಲ್ಲಿದ್ದರೆ ರೆಕ್ಕೆ ನೋಡಿ: ಕಂದುತಲೆಯದರಲ್ಲಿ ಬಿಳಿ ಚುಕ್ಕೆಗಳಿರುತ್ತವೆ, ಬಿಳಿಗೆನ್ನೆಯದು ಬರೀ ಹಸಿರು. ಕಂದುತಲೆಯದು ಸುಮಾರು 27 ಸೆಂ.ಮೀ., ಬಿಳಿಗೆನ್ನೆಯದು 23. ಪಕ್ಕಪಕ್ಕ ಕೂತರೆ ಮಾತ್ರ ಈ ಅಂತರ ಕೆಲಸಕ್ಕೆ ಬರುತ್ತದೆ. ಕೂಗಂತೂ ಇನ್ನೂ ಮೋಸ. ಎರಡೂ ‘ಕುರ್ರ್’ ಎಂದು ಶುರುಮಾಡಿ ‘ಕುಟ್ರೂ ಕುಟ್ರೂ’ ಎಂದು ಎಳೆಯುತ್ತವೆ. ಕೂಗು ಕೇಳಿಯೇ ಪಟ್ಟಿ ತುಂಬಿಸುವವರ ಲೆಕ್ಕವನ್ನು ನಾನಂತೂ ನಂಬುವುದಿಲ್ಲ. ಮೂರನೆಯ ಬಗೆ, 17 ಸೆಂ.ಮೀ.ಯ ಕಂಚುಗಾರ ಕುಟ್ರುಹಕ್ಕಿಯದು ಈ ತಕರಾರಿಲ್ಲ: ಕೆಂಪು ಹಣೆ, ಹಳದಿ ಗಂಟಲು, ಬಿಡದೆ ‘ಟುಕ್ ಟುಕ್’.

ಇಷ್ಟು ಹೋಲುವ ಹಕ್ಕಿಗಳು ಒಂದೇ ಮರದಲ್ಲಿ ಹೇಗೆ ಉಣ್ಣುತ್ತವೆ? ಆಲ ಹಣ್ಣಾಗುವಾಗ ಇಡೀ ಮರ ಒಟ್ಟಿಗೇ ಹಣ್ಣಾಗುತ್ತದೆ. ಅಷ್ಟನ್ನೂ ಕಾಯುವುದು ಯಾವ ಹಕ್ಕಿಯ ಕೈಲೂ ಆಗದು; ಓಡಿಸುತ್ತ ಕೂತರೆ ತನ್ನ ಹೊಟ್ಟೆಗೇ ಕಮ್ಮಿ. ಹಾಗಾಗಿ ಸಣ್ಣಪುಟ್ಟ ಜಗಳ, ಒಂದು ಕೊಂಬೆಯಿಂದ ಇನ್ನೊಂದಕ್ಕೆ ಅಟ್ಟುವುದು, ಅಷ್ಟೇ. ಒಂದು ಮರ ಖಾಲಿಯಾಗುವ ಹೊತ್ತಿಗೆ ಬೇರೆಲ್ಲೋ ಇನ್ನೊಂದು ಆಲವೋ ಅತ್ತಿಯೋ ಹಣ್ಣಾಗಿರುತ್ತದೆ.

ನಿಜವಾದ ಕಿತ್ತಾಟ ಒಣಕೊಂಬೆಗಾಗಿ. ಮೂರೂ ಮೆದು ಮರ ಕೊರೆದು ಗೂಡು ಮಾಡುವಂಥವು. ಕಂಚುಗಾರನಿಗೆ ಸಪೂರ ಕೊಂಬೆಯಾದರೂ ನಡೆಯುತ್ತದೆ, ಹೆಚ್ಚಾಗಿ ಕೊಂಬೆಯ ಅಡಿಭಾಗದಲ್ಲೇ ಗೂಡಿನ ಬಾಯಿ ತೆಗೆಯುತ್ತದೆ. ದೊಡ್ಡವೆರಡಕ್ಕೆ ದಪ್ಪ ಕೊಂಬೆಯೇ ಬೇಕು. ಬಿಳಿಗೆನ್ನೆಯದಕ್ಕೆ ಒಂದು ಪೊಟರೆ ಕೊರೆಯಲು ಸುಮಾರು 20 ದಿನ ಹಿಡಿಯುತ್ತದೆ. ಇಷ್ಟೆಲ್ಲ ಮಾಡಿದ್ದನ್ನು ಮೈನಾ ಬಂದು ಕಬಳಿಸುವುದೂ ಉಂಟು. ಉದ್ಯಾನದವರು ಅಂದ ಕೆಡುತ್ತದೆಂದು ಒಣಕೊಂಬೆಗಳನ್ನೆಲ್ಲ ಸವರಿದರೆ, ಉಳಿದ ಒಂದೆರಡಕ್ಕೇ ಇವೆಲ್ಲ ಮುಗಿಬೀಳಬೇಕಾಗುತ್ತದೆ. ಹಣ್ಣು ಎಷ್ಟಿದ್ದರೂ ಆಗ ಮರಿಗೆ ಜಾಗವಿಲ್ಲ. ಕಾಲುದಾರಿಯ ಮೇಲೆ ಚಾಚಿದ್ದನ್ನು ಕಡಿಯಲಿ, ಒಳಗಿನದನ್ನು ಅದಾಗಿಯೇ ಬೀಳುವವರೆಗೆ ಬಿಡಲಿ.