ರಾಸ್‌ಬೇ ದಂಡೆಯ ಕುದುರೆ, ಬಲಮುರಿಯ ನೆರಿಗೆ

ನನ್ನ ತಂಗಿ ಐರ್ಲೆಂಡಿನ ಕೆರ್ರಿಯಲ್ಲಿ ನರ್ಸ್. ರಜೆ ಸಿಕ್ಕಾಗ ರಾಸ್‌ಬೇ ದಂಡೆಗೆ ಹೋಗಿ ವಿಡಿಯೋ ಕಾಲ್ ಮಾಡುತ್ತಾಳೆ. ಡಿಂಗಲ್ ಕೊಲ್ಲಿಯೊಳಗೆ ಉದ್ದಕ್ಕೆ ಚಾಚಿಕೊಂಡ ಮರಳು ದಿಬ್ಬ ಅದು. ಮಡಿಕೇರಿಯಲ್ಲಿ ಕೂತು ನಾವು ಸಮುದ್ರ ನೋಡುವುದು ಹೀಗೇ.

ಆ ದಂಡೆಗೊಂದು ಕತೆ ಇದೆ. ಉಶೀನ್ ಅನ್ನುವ ವೀರನನ್ನು ಹುಡುಕಿಕೊಂಡು ನೀವ್ ಎಂಬ ಹೊಂಗೂದಲಿನ ಹುಡುಗಿ ಬಿಳಿ ಕುದುರೆ ಏರಿ ಬಂದಳು. ಇಬ್ಬರೂ ಇಲ್ಲಿಂದಲೇ ಅಲೆಗಳ ಮೇಲೆ ಸವಾರಿ ಮಾಡಿ ಮುಪ್ಪಿಲ್ಲದ ನಾಡಿಗೆ ಹೋದರಂತೆ. ಮೂರು ವರ್ಷ ಆಯಿತು ಅಂದುಕೊಂಡು, ಊರು ನೋಡುವ ಆಸೆಯಿಂದ ಉಶೀನ್ ವಾಪಸ್ ಬಂದರೆ ಇಲ್ಲಿ 300 ವರ್ಷ ಕಳೆದಿದೆ! ಕುದುರೆಯಿಂದ ಇಳಿಯಬೇಡ ಅಂತ ನೀವ್ ಹೇಳಿಯೇ ಕಳಿಸಿದ್ದಳು. ದಾರಿಯಲ್ಲಿ ಯಾರೋ ಕಲ್ಲು ಎತ್ತಲು ಒದ್ದಾಡುತ್ತಿದ್ದರು. ಕೈಜೋಡಿಸಲು ಬಗ್ಗಿದ, ಜೀನಿನ ಪಟ್ಟಿ ಹರಿಯಿತು, ಬಿದ್ದ. ಅಷ್ಟೂ ವರ್ಷದ ಮುಪ್ಪು ಒಟ್ಟಿಗೇ ಮೈಮೇಲೆ ಬಂತು.

"ಅಷ್ಟು ಜನ ಇದ್ದರಲ್ಲ, ಇವನಿಗ್ಯಾಕೆ ಬೇಕಿತ್ತು ಆ ಕಲ್ಲು?" ಅಂದರು ಅಮ್ಮ.

ಹೆಸರಲ್ಲಿ ಮಾತ್ರ ಕುದುರೆಯೂ ಇಲ್ಲ, ನೀವ್ ಕೂಡ ಇಲ್ಲ. ಐರಿಶ್‌ನಲ್ಲಿ ರಾಸ್ ಅಂದರೆ ನೀರಿಗೆ ಚಾಚಿದ ನೆಲ, ಬೇ ಬಂದಿರುವುದು ಬರ್ಚ್ ಮರದಿಂದ. ಪಕ್ಕದ ಹಳ್ಳಿ ಗ್ಲೆನ್‌ಬೇ ಕೂಡ ಬರ್ಚ್ ಮರಗಳ ಕಣಿವೆಯೇ. ಕಂಡದ್ದನ್ನು ಕಂಡ ಹಾಗೆ ಕರೆದಿದ್ದಾರೆ, ಕತೆ ಬೇರೆಲ್ಲಿಂದಲೋ ಬಂದು ಕೂತಿದೆ.

ನಮ್ಮ ಕೊಡಗಿನ ಬಲಮುರಿ ಹಾಗಲ್ಲ, ಅಲ್ವಾ? ಅಲ್ಲಿ ಕತೆ ಹೆಸರಿನೊಳಗೇ ಇದೆ. ಗಂಡ ಅಗಸ್ತ್ಯರ ಮೇಲೆ ಮುನಿಸಿಕೊಂಡು ಹರಿದು ಹೊರಟ ಕಾವೇರಿಯನ್ನು ತಡೆಯಲು ಕೊಡವರು ಅಲ್ಲಿ ಅಡ್ಡ ನಿಂತರು. ಅವಳು ನಿಲ್ಲಲಿಲ್ಲ, ಬಲಕ್ಕೆ ಮುರಿದು ನಡೆದೇಬಿಟ್ಟಳು. ಆ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಮುಂದಿನಿಂದ ಹಿಂದಕ್ಕೆ ಹೋಯಿತು. ಕೊಡವ ಹೆಂಗಸರು ಇವತ್ತಿಗೂ ನೆರಿಗೆಯನ್ನು ಬೆನ್ನ ಕಡೆ ಸಿಗಿಸಿ, ಸೆರಗನ್ನು ಎಡಗಂಕುಳ ಕೆಳಗಿಂದ ತಂದು ಬಲ ಹೆಗಲಿಗೆ ಸೇರಿಸುವುದು ಅದಕ್ಕೇ ಅಂತಾರೆ.

ನನ್ನ ಲೆಕ್ಕ ಬೇರೆ. ಬೆಟ್ಟ ಹತ್ತುವಾಗ, ನಾಟಿಗೆ ಬಗ್ಗುವಾಗ ಮುಂದೆ ನೆರಿಗೆ ಇದ್ದರೆ ಕಾಲಿಗೆ ಸಿಕ್ಕುತ್ತದೆ. ಗದ್ದೆಗೆ ಇಳಿದವರು ಹೀಗೆ ಉಟ್ಟಿರಬೇಕು, ಕತೆ ಆಮೇಲೆ ಹುಟ್ಟಿರಬೇಕು. ಇದನ್ನು ಅತ್ತೆಯ ಮುಂದೆ ಸುಮ್ನೆ ಬಾಯಿಬಿಟ್ಟೆ. "ಗದ್ದೆಗೆ ಇಳಿದು ನೋಡಿದ್ದೀಯಾ ನೀನು?" ಅಂದರು.